ಪರವಾನಗಿಯ ಆಯುಧ ಮತ್ತು ರಾಜ್ಯದ ಗಡಿ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಸದಸ್ಯರ ಪೈಕಿ ಚಿನ್ನ ಬೆಳ್ಳಿಯ ವ್ಯಾಪಾರಿಗಳು, ಅಡಿಕೆ, ಮೆಣಸು, ಹತ್ತಿಯ ದಲಾಲಿ ಅಂಗಡಿಗಳ ಮಾಲೀಕರು, ಊರ ಹೊರಗೆ ಕಾರ್ಖಾನೆ ನಡೆಸುವ ಸಣ್ಣ ಉದ್ಯಮಿಗಳು ಸ್ವರಕ್ಷಣೆಗಾಗಿ ಪರವಾನಗಿ ಪಡೆದು ರಿವಾಲ್ವರನ್ನೋ ಕೋವಿಯನ್ನೋ ಇಟ್ಟುಕೊಂಡಿರುವುದು ಹೊಸ ಸಂಗತಿಯಲ್ಲ. ಹಲವರಿಗೆ ಅದು ತಂದೆಯ ಕಾಲದಿಂದ ಬಂದದ್ದು. ಅಂಗಡಿಯ ತಿಜೋರಿಯಲ್ಲಿ ಇರುವವರೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ವ್ಯಾಪಾರದ ನಿಮಿತ್ತ ಕಾರಿನಲ್ಲಿ ಹೊರಟು, ಆಯುಧವನ್ನೂ ಜೊತೆಗಿಟ್ಟುಕೊಂಡು ನೆರೆ ರಾಜ್ಯದ ಗಡಿ ದಾಟಿದಾಗ ಮಾತ್ರ ಪ್ರಶ್ನೆ ಹುಟ್ಟುತ್ತದೆ. "ಲೈಸೆನ್ಸ್ ಇದೆಯಲ್ಲ, ಇನ್ನೇನು?" ಎಂಬ ಉತ್ತರವನ್ನು ನಾನು ಬಹಳ ಮಂದಿ ಕಕ್ಷಿದಾರರಿಂದ ಕೇಳಿದ್ದೇನೆ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಲೆಕ್ಕಪರಿಶೋಧಕನಿಗೆ ಬಂದೂಕಿನ ವಿಷಯವೇಕೆ ಎಂದು ಓದುಗರು ಕೇಳಬಹುದು. ಪ್ರಕರಣ ದಾಖಲಾದ ಮೇಲೆ ವಕೀಲರ ಕೆಲಸ ಆರಂಭವಾಗುತ್ತದೆ, ನಿಜ. ಆದರೆ ಆಯುಧದ ಜೊತೆಗೆ ಸಾಮಾನ್ಯವಾಗಿ ನಗದೋ ಸರಕೋ ಇರುತ್ತದೆ. ಅದರ ಲೆಕ್ಕ ಕೇಳುವ ಹೊತ್ತಿಗೆ ಫೋನು ಬರುವುದು ನಮಗೇ.

ಪರವಾನಗಿ ಯಾವ ನೆಲಕ್ಕೆ?

ನಮ್ಮ ದೇಶದಲ್ಲಿ ಆಯುಧಗಳ ವಿಷಯವನ್ನು ನಿಯಂತ್ರಿಸುವುದು ಕೇಂದ್ರದ ಆಯುಧ ಅಧಿನಿಯಮ, 1959. ಅದರಡಿಯಲ್ಲಿ 1962ರ ನಿಯಮಗಳು ಅರ್ಧ ಶತಮಾನಕ್ಕೂ ಮೀರಿ ಜಾರಿಯಲ್ಲಿದ್ದವು. 2016ರ ಜುಲೈಯಲ್ಲಿ ಹೊಸ ಆಯುಧ ನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. ಅಧಿನಿಯಮಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಅದು ಆ ವರ್ಷದ ಡಿಸೆಂಬರ್ 14ರಿಂದ ಜಾರಿಗೆ ಬಂತು. ಹಳೆಯ ಪರವಾನಗಿದಾರರಲ್ಲಿ ಅನೇಕರು ಇಂದಿಗೂ 1962ರ ನಿಯಮಗಳ ಕಾಲದ ತಿಳಿವಳಿಕೆಯಲ್ಲೇ ಇದ್ದಾರೆ.

ಕಾನೂನು ಕೇಂದ್ರದ್ದಾದರೂ ಪರವಾನಗಿ ತಾನಾಗಿಯೇ ದೇಶವ್ಯಾಪಿಯಾಗುವುದಿಲ್ಲ. ಪರವಾನಗಿ ನೀಡುವವರು ಜಿಲ್ಲಾ ದಂಡಾಧಿಕಾರಿಗಳು, ಎಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗಳು. ಪೊಲೀಸ್ ಆಯುಕ್ತರಿರುವ ನಗರಗಳಲ್ಲಿ ಆಯುಕ್ತರು. ಪರವಾನಗಿಯಲ್ಲಿ ಅದು ಎಷ್ಟು ಪ್ರದೇಶಕ್ಕೆ ಸಿಂಧು ಎಂಬುದನ್ನು ಬರೆಯುವ ಅಂಕಣವೊಂದಿದೆ. ಕೆಲವರದ್ದು ಒಂದು ಜಿಲ್ಲೆಗೆ, ಹೆಚ್ಚಿನವರದ್ದು ಕರ್ನಾಟಕ ರಾಜ್ಯಕ್ಕೆ, ಕೆಲವರದ್ದು ಹೆಸರಿಸಿದ ನೆರೆ ರಾಜ್ಯಗಳಿಗೆ, ಇನ್ನು ಕೆಲವೇ ಮಂದಿಯದ್ದು ಅಖಿಲ ಭಾರತಕ್ಕೆ ಸಿಂಧುವಾಗಿರುತ್ತದೆ. ಈ ಲೇಖನವನ್ನು ಓದುತ್ತಿರುವವರು ದಯವಿಟ್ಟು ಇಲ್ಲಿಗೆ ನಿಲ್ಲಿಸಿ, ತಮ್ಮ ಪರವಾನಗಿಯನ್ನು ತೆಗೆದು ಆ ಅಂಕಣವನ್ನು ಒಮ್ಮೆ ನೋಡಬೇಕು. ಇಪ್ಪತ್ತು ವರ್ಷ ನವೀಕರಣ ಮಾಡಿಸುತ್ತ ಬಂದವರೂ ಅದನ್ನು ಓದಿರುವುದಿಲ್ಲ.

ವ್ಯಾಪ್ತಿಯನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ. ಪರವಾನಗಿಯ ಷರತ್ತುಗಳನ್ನು ಬದಲಾಯಿಸುವಂತೆ ಪರವಾನಗಿದಾರನೇ ಅರ್ಜಿ ಕೊಡಬಹುದೆಂದು 17ನೆಯ ಕಲಂ ಹೇಳುತ್ತದೆ. ಅರ್ಜಿಯನ್ನು ಪರವಾನಗಿ ನೀಡಿದ ಕಚೇರಿಗೇ ಸಲ್ಲಿಸಬೇಕು. ಇಲ್ಲಿ ನನ್ನ ವೃತ್ತಿಯ ಅನುಭವದ ಮಾತೊಂದಿದೆ. "ವ್ಯಾಪಾರಕ್ಕಾಗಿ ಹೊರ ರಾಜ್ಯಗಳಿಗೆ ಹೋಗುತ್ತಿರುತ್ತೇನೆ" ಎಂದು ಒಂದು ಸಾಲು ಬರೆದು ಕೊಟ್ಟ ಅರ್ಜಿಗೆ ತೂಕವಿಲ್ಲ. ಆ ರಾಜ್ಯದ ವ್ಯಾಪಾರಿಗಳೊಂದಿಗೆ ಕಳೆದ ಎರಡು ಮೂರು ವರ್ಷಗಳಲ್ಲಿ ನಡೆದ ವಹಿವಾಟಿನ ಲೆಕ್ಕ, ಜಿ.ಎಸ್.ಟಿ. ನೋಂದಣಿಯ ಪ್ರತಿ, ಆದಾಯ ತೆರಿಗೆ ವಿವರಪಟ್ಟಿ, ಸಾಗಿಸಿದ ಸರಕಿನ ಬಿಲ್ಲುಗಳು, ಹಿಂದೆ ದರೋಡೆಯ ಯತ್ನವಾಗಿದ್ದರೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ಇವುಗಳನ್ನು ಲಗತ್ತಿಸಿದರೆ ಅಧಿಕಾರಿಗೆ ತೀರ್ಮಾನಿಸಲು ಆಧಾರ ಸಿಗುತ್ತದೆ. ಅನುಮತಿ ಸಿಕ್ಕಿಯೇ ತೀರುತ್ತದೆ ಎಂದೇನೂ ಅಲ್ಲ. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಈ ವಿಷಯದಲ್ಲಿ ಅಮೆರಿಕದ ಕಾನೂನನ್ನು ಅರ್ಧ ಕೇಳಿ ಬಂದವರೂ ಇದ್ದಾರೆ. ಅಲ್ಲಿ 1986ರಲ್ಲಿ ಆದ ಒಂದು ಕೇಂದ್ರ ಶಾಸನದ ಪ್ರಕಾರ, ಹೊರಡುವ ರಾಜ್ಯದಲ್ಲೂ ತಲುಪುವ ರಾಜ್ಯದಲ್ಲೂ ಆಯುಧ ಹೊಂದಲು ಹಕ್ಕಿರುವವನು ಗುಂಡು ತುಂಬದ ಬಂದೂಕನ್ನು ಕೈಗೆ ಸಿಗದಂತೆ ಡಿಕ್ಕಿಯಲ್ಲಿಟ್ಟುಕೊಂಡು ನಡುವಿನ ರಾಜ್ಯಗಳನ್ನು ದಾಟಬಹುದು. ನಮ್ಮ ಅಧಿನಿಯಮದಲ್ಲಿ ಅಂಥ ದಾರಿಹೋಕನ ರಕ್ಷಣೆ ಇಲ್ಲ. ನಡುವೆ ಹತ್ತು ಕಿಲೋಮೀಟರು ಮಾತ್ರ ಅನ್ಯ ರಾಜ್ಯದ ನೆಲ ಇದ್ದರೂ ಅದು ಅನ್ಯ ರಾಜ್ಯದ ನೆಲವೇ.

ದಾರಿಯ ಲೆಕ್ಕ

ಇದನ್ನು ಉದಾಹರಣೆಯ ಮೂಲಕ ನೋಡೋಣ. ಬೆಂಗಳೂರಿನ ಬೆಳ್ಳಿ ವ್ಯಾಪಾರಿಯೊಬ್ಬರ ಪರವಾನಗಿ ಕರ್ನಾಟಕ ಮತ್ತು ತಮಿಳುನಾಡಿಗೆ ಸಿಂಧುವಾಗಿದೆ ಎಂದಿಟ್ಟುಕೊಳ್ಳಿ. ಅವರು ಚೆನ್ನೈಗೆ ಹೊರಟರು. ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ಮೇಲೆ ಹೋದರೆ ಅವರು ದಾರಿಯುದ್ದಕ್ಕೂ ಕಾನೂನಿನ ಒಳಗೆ ಇರುತ್ತಾರೆ. ಕೋಲಾರ, ಮುಳಬಾಗಿಲಿನ ಮೇಲೆ ಚಿತ್ತೂರು ಮಾರ್ಗ ಹಿಡಿದರೆ ನಡುವೆ ಆಂಧ್ರಪ್ರದೇಶ ಬರುತ್ತದೆ. ಪರವಾನಗಿ, ಆಯುಧ, ಉದ್ದೇಶ ಎಲ್ಲ ಅವೇ. ಚಾಲಕ ಟ್ರಾಫಿಕ್ ಕಡಮೆ ಎಂದು ಹಿಡಿದ ದಾರಿಯಿಂದ ಮಾಲೀಕರು ಅಪರಾಧಿಯ ಸ್ಥಾನಕ್ಕೆ ಬರುತ್ತಾರೆ. ಮೊಬೈಲಿನ ನಕ್ಷೆ ಹತ್ತು ನಿಮಿಷ ಉಳಿಯುವ ದಾರಿಯನ್ನು ತೋರಿಸುತ್ತದೆ, ಪರವಾನಗಿಯ ಅಂಕಣವನ್ನು ಅದು ಓದುವುದಿಲ್ಲ.

ಹೈದರಾಬಾದಿನೊಂದಿಗೆ ವ್ಯವಹರಿಸುವವರ ತೊಡಕು ಬೇರೆ. ಬೆಂಗಳೂರಿನಿಂದ ಅನಂತಪುರ, ಕರ್ನೂಲಿನ ಮೇಲೆ ಹೋದರೆ ಆಂಧ್ರವನ್ನು ದಾಟಿ ತೆಲಂಗಾಣವನ್ನು ಸೇರಬೇಕು. ಬೀದರಿನವರಿಗೆ ತೆಲಂಗಾಣ ಒಂದೇ. 2014ರ ಜೂನ್ 2ಕ್ಕೆ ಮೊದಲು "ಆಂಧ್ರಪ್ರದೇಶ" ಎಂದು ವಿಸ್ತರಣೆ ಬರೆಸಿಕೊಂಡ ಹಳೆಯ ಪುಸ್ತಕಗಳು ಈಗಲೂ ಕೆಲವರ ಬಳಿ ಇವೆ. ಅಂಥವರು ತೆಲಂಗಾಣದ ಹೆಸರನ್ನು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಮೇಲು. ರಸ್ತೆಯ ಮೇಲೆ ನಿಂತ ಪೇದೆಯೊಂದಿಗೆ ರಾಜ್ಯ ಪುನರ್ವಿಂಗಡಣೆಯ ಚರ್ಚೆ ಮಾಡಲಾಗದು.

ಉತ್ತರ ಕರ್ನಾಟಕದವರಿಗೆ ನಿಪ್ಪಾಣಿಯಿಂದ ಮುಂದೆ ಕಾಗಲ್, ಕೊಲ್ಹಾಪುರ, ಬೆಳ್ಳಿ ಆಭರಣದ ಹುಪರಿ, ಕೊನೆಗೆ ಮುಂಬಯಿಯ ಝವೇರಿ ಬಜಾರು. ಇವಿಷ್ಟೂ ಒಂದೇ ರಾಜ್ಯವಾದ್ದರಿಂದ ಲೆಕ್ಕ ಸರಳ. ಮಹಾರಾಷ್ಟ್ರ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಮಂಗಳೂರಿನವರಿಗೆ ತಲಪಾಡಿ ದಾಟಿದರೆ ಕೇರಳ. ಊಟಕ್ಕೆ ಕಾಸರಗೋಡಿಗೆ ಹೋಗಿ ಬರುವವರಿಗೆ ಗಡಿ ಎಂಬುದು ನೆನಪಿಗೇ ಬರುವುದಿಲ್ಲ. ಸೊಂಟದಲ್ಲಿ ರಿವಾಲ್ವರಿದ್ದಾಗ ನೆನಪಿಗೆ ಬರಲೇಬೇಕು.

ಪರವಾನಗಿಯಲ್ಲಿ ಆ ರಾಜ್ಯ ಇಲ್ಲವೆಂದಾದರೆ ಆಯುಧವನ್ನು ಮನೆಯಲ್ಲೇ ಭದ್ರವಾಗಿಟ್ಟು ಹೋಗುವುದು ಒಂದು ದಾರಿ. ಕರ್ನಾಟಕದೊಳಗಿನ ಪ್ರಯಾಣದ ನಡುವೆ ಗಡಿ ದಾಟುವ ಸಂದರ್ಭ ಬಂದರೆ, ಸುರಕ್ಷಿತ ಠೇವಣಿಗೆ ಇಟ್ಟುಕೊಳ್ಳಲು ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲಿ ಒಪ್ಪಿಸಿ ರಶೀದಿ ಪಡೆಯಬಹುದು. ಲಾಡ್ಜಿನ ಮ್ಯಾನೇಜರನಲ್ಲೋ, ಗಡಿಯ ಊರಿನ ಸ್ನೇಹಿತನ ಅಂಗಡಿಯಲ್ಲೋ ಇಟ್ಟು ಹೋಗುವುದು ಮಾತ್ರ ಸಲ್ಲದು. ಆ ಸ್ನೇಹಿತ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಂಡವನಾಗುತ್ತಾನೆ. ಲಾರಿ ಪಾರ್ಸೆಲಿನಲ್ಲೋ ಕೊರಿಯರಿನಲ್ಲೋ ಮುಂಚಿತವಾಗಿ ಕಳುಹಿಸುವ ಯೋಚನೆಯನ್ನೂ ಬಿಡಬೇಕು. ಪರವಾನಗಿದಾರ ತನ್ನ ಆಯುಧವನ್ನು ತಾನು ಒಯ್ಯುವುದು ಬೇರೆ, ಆಯುಧವನ್ನು ಸರಕಿನಂತೆ ಸಾಗಿಸುವುದು ಬೇರೆ.

ವಾಹನದೊಳಗೆ ಎಲ್ಲಿ, ಹೇಗೆ?

2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಒರೆಯಲ್ಲಿ ಮೈಗೆ ಹೊಂದಿಸಿ, ಇಲ್ಲವೆ ತಕ್ಕ ಚೀಲದಲ್ಲಿ ಒಯ್ಯಬೇಕು. ಉದ್ದ ಬಂದೂಕನ್ನು ಅದರದೇ ಕವಚದಲ್ಲಿ ಒಯ್ಯಬೇಕು. ಎರಡೂ ಸಂಪೂರ್ಣ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಡ್ಯಾಶ್‌ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಹೋಗುವ ಠೀವಿಗೆ ನಿಯಮದಲ್ಲಿ ಸ್ಥಾನವಿಲ್ಲ. ಟೋಲ್ ಗೇಟಿನ ಜಗಳದಲ್ಲಿ ಹೊರತೆಗೆದು ತೋರಿಸಿದರೆ ಪರವಾನಗಿಯನ್ನು ಕಳೆದುಕೊಳ್ಳಲು ಅಷ್ಟೇ ಸಾಕು.

ಹೆಚ್ಚು ಕಾಣುವ ತಪ್ಪೆಂದರೆ ಆಯುಧವನ್ನು ಕಾರಿನಲ್ಲಿ ಬಿಟ್ಟು ಇಳಿಯುವುದು. ದಾವಣಗೆರೆಯಿಂದ ಹೊರಟವರು ದಾರಿಯಲ್ಲಿ ಊಟಕ್ಕೆ ನಿಲ್ಲಿಸುತ್ತಾರೆ. ಹೋಟೆಲಿನೊಳಗೆ ಒಯ್ಯಲು ಸಂಕೋಚವಾಗಿ ಸೀಟಿನ ಕೆಳಗೆ ತಳ್ಳಿ ಹೋಗುತ್ತಾರೆ. ಗಾಜು ಒಡೆದು ಕಳವಾದರೆ ಅದು ಬರಿಯ ಕಳವಿನ ದೂರಲ್ಲ. ಕಳೆದುಹೋದ ಸಂಗತಿಯನ್ನು ಕೂಡಲೇ ಠಾಣೆಗೆ ತಿಳಿಸಬೇಕು. ಜೊತೆಗೆ, ಸುರಕ್ಷಿತವಾಗಿ ಇಟ್ಟುಕೊಳ್ಳುವ ಹೊಣೆಯಲ್ಲಿ ಏಕೆ ತಪ್ಪಿದಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಆ ಆಯುಧ ಮುಂದೆ ಯಾವ ಕೃತ್ಯದಲ್ಲಿ ಸಿಕ್ಕಿಬಿದ್ದರೂ ಅದರ ಮೇಲಿನ ಸಂಖ್ಯೆ ಪೊಲೀಸರನ್ನು ಮೊದಲು ಕರೆತರುವುದು ನಿಮ್ಮ ಅಂಗಡಿಗೆ.

ತೋಟಾಗಳ ಬಗೆಗೆ ಒಂದೇ ಮಾತು. ಒಂದು ವೇಳೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲಿ ಬರೆದಿರುತ್ತದೆ. ಕೈಯಲ್ಲಿರುವ ತೋಟಾಗಳು, ಕೊಂಡ ಬಿಲ್ಲು, ಬಳಸಿದ ಲೆಕ್ಕ ಈ ಮೂರೂ ತಾಳೆಯಾಗಬೇಕು. ದಾಸ್ತಾನು ಪುಸ್ತಕ ಬರೆಯುವ ವರ್ತಕನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಚಾಲಕನ ಕೈಯಲ್ಲಿ ಆಯುಧ

ನನ್ನ ಕಕ್ಷಿದಾರರೊಬ್ಬರ ಪ್ರಕರಣವನ್ನು ಹೆಸರು, ಊರು ಬಿಟ್ಟು ಇಲ್ಲಿ ಹೇಳುತ್ತೇನೆ. ಅವರು ನೆರೆ ರಾಜ್ಯದ ಪಟ್ಟಣಕ್ಕೆ ರೈಲಿನಲ್ಲಿ ಹೋದರು. ಕಾರು ಮರುದಿನ ಬರಲೆಂದು ಚಾಲಕನಿಗೆ ಹೇಳಿದರು. ರಿವಾಲ್ವರು ಕಾರಿನ ಪೆಟ್ಟಿಗೆಯಲ್ಲೇ ಉಳಿದಿತ್ತು, ಪರವಾನಗಿ ಅವರ ಜೇಬಿನಲ್ಲಿತ್ತು. ಅಷ್ಟರಲ್ಲಿ ತಪಾಸಣೆಯಾಯಿತು. ಪರವಾನಗಿ ಎರಡೂ ರಾಜ್ಯಗಳಿಗೆ ಸಿಂಧುವಾಗಿತ್ತು. ಆದರೆ ಆಯುಧವಿದ್ದ ಕಾರಿನಲ್ಲಿ ಪರವಾನಗಿದಾರ ಇರಲಿಲ್ಲ, ಪರವಾನಗಿದಾರನ ಬಳಿ ಆಯುಧ ಇರಲಿಲ್ಲ. ತಿಂಗಳ ಸಂಬಳಕ್ಕೆ ದುಡಿಯುವ ಆ ಚಾಲಕ, ಕಾರಿನಲ್ಲಿ ಏನಿದೆಯೆಂದು ತನಗೆ ತಿಳಿದೇ ಇರಲಿಲ್ಲ ಎನ್ನುತ್ತ ಠಾಣೆಯಲ್ಲಿ ರಾತ್ರಿ ಕಳೆದ. ಜಾಮೀನು ಸಿಕ್ಕಿತು, ಆದರೆ ಪ್ರಕರಣ ವರ್ಷಗಟ್ಟಲೆ ನಡೆಯಿತು. ಅವನಿಗೆ ಪಾಸ್‌ಪೋರ್ಟ್ ಮಾಡಿಸಿ ಕೊಲ್ಲಿ ದೇಶದ ಕೆಲಸಕ್ಕೆ ಹೋಗುವ ಯೋಚನೆಯಿತ್ತು; ಅದು ಅಲ್ಲಿಗೇ ನಿಂತಿತು.

ಇಲ್ಲಿ ಎರಡು ಸೂತ್ರಗಳು ಕೆಲಸ ಮಾಡುತ್ತವೆ. ಮೊದಲನೆಯದು "ಸ್ವಾಧೀನ" ಎಂಬ ಪದದ ಅರ್ಥ. ಗುಣವಂತಲಾಲ್ ಪ್ರಕರಣದಲ್ಲಿ 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ವಾಧೀನವೆಂದರೆ ಕೈಯಲ್ಲಿ ಹಿಡಿದಿರುವುದೇ ಆಗಬೇಕಿಲ್ಲ, ಅರಿವಿನೊಂದಿಗೆ ಅದರ ಮೇಲೆ ಅಧಿಕಾರ ಅಥವಾ ಹತೋಟಿ ಇದ್ದರೆ ಸಾಕು ಎಂದಿತು. ಹೀಗಾಗಿ ಸಂಗತಿ ತಿಳಿದಿದ್ದ ಚಾಲಕ ಸಿಕ್ಕಿಬೀಳುತ್ತಾನೆ. ನಿಜವಾಗಿ ತಿಳಿದಿರದ ಚಾಲಕನಿಗೆ ರಕ್ಷಣೆ ಇದೆ, ಆದರೆ ಅದನ್ನು ಸಿದ್ಧಪಡಿಸುವುದು ನ್ಯಾಯಾಲಯದಲ್ಲಿ, ರಸ್ತೆಯ ಮೇಲಲ್ಲ.

ಎರಡನೆಯದು 3ನೆಯ ಕಲಮಿನ ಪರಂತುಕ. ಪರವಾನಗಿ ಇಲ್ಲದವನೊಬ್ಬ, ಪರವಾನಗಿದಾರನ ಸಮಕ್ಷಮದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ ಆಯುಧವನ್ನು ಒಯ್ಯಬಹುದು. ಆದರೆ ಉದ್ದೇಶ ಮೂರೇ: ದುರಸ್ತಿ, ಪರವಾನಗಿಯ ನವೀಕರಣ, ಅಥವಾ ಪರವಾನಗಿದಾರನ ಸ್ವಂತ ಉಪಯೋಗ. ದಿನಾಂಕ, ಆಯುಧದ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಯಾವ ಉದ್ದೇಶಕ್ಕೆ ಎಂದು ಬರೆದು ಸಹಿ ಹಾಕಿದ ಪತ್ರವೊಂದು ಚಾಲಕನ ಬಳಿ ಇದ್ದಿದ್ದರೆ ಮೇಲಿನ ಪ್ರಕರಣದ ಗತಿ ಬೇರೆಯಾಗುತ್ತಿತ್ತು. ಆದರೂ ನನ್ನ ಸಲಹೆ, ಪರವಾನಗಿದಾರನಿಲ್ಲದೆ ಆಯುಧ ಗಡಿ ದಾಟಬಾರದು ಎಂಬುದೇ. ಆ ಪರಂತುಕ ಅಂಗಡಿಯ ಕೆಲಸಕ್ಕೆ ಊರೊಳಗೆ ಸಾಕಾಗಬಹುದು. ಭಾಷೆ ತಿಳಿಯದ ಊರಿನ ಠಾಣೆಯಲ್ಲಿ ಒಬ್ಬ ನೌಕರನ ಬೆನ್ನಿಗೆ ಅಷ್ಟು ತೆಳುವಾದ ಕಾಗದವನ್ನು ಮಾತ್ರ ನಿಲ್ಲಿಸುವುದು ಮಾಲೀಕನಿಗೆ ಶೋಭೆಯಲ್ಲ.

ಅಣ್ಣನ ಪರವಾನಗಿಯ ಆಯುಧವನ್ನು ತಮ್ಮ, ತಂದೆಯದನ್ನು ಮಗ ತನ್ನ ರಕ್ಷಣೆಗೆಂದು ಒಯ್ಯುವುದು ಈ ಪರಂತುಕದೊಳಗೆ ಬರುವುದಿಲ್ಲ. ಕುಟುಂಬದ ಪಾಲುದಾರಿಕೆ ವ್ಯವಹಾರಗಳಲ್ಲಿ ಆಯುಧವನ್ನೂ ಸಂಸ್ಥೆಯ ಆಸ್ತಿಯೆಂದು ಭಾವಿಸುವ ರೂಢಿ ಇದೆ. ಪರವಾನಗಿ ವ್ಯಕ್ತಿಗೆ ಸಂಬಂಧಿಸಿದ್ದು. ಯಾರ ಹೆಸರಿನಲ್ಲಿ ಪರವಾನಗಿಯೋ ಅವರ ಹೆಸರಿನಲ್ಲೇ ಬಿಲ್ಲು ಇರಬೇಕು. ಸಂಸ್ಥೆಯ ಲೆಕ್ಕದಲ್ಲಿ ಸ್ಥಿರಾಸ್ತಿ ಎಂದು ತೋರಿಸಿ ಸವಕಳಿ ಹಾಕುವ ಉಳಿತಾಯಕ್ಕಿಂತ, ಎರಡು ದಾಖಲೆಗಳಲ್ಲಿ ಎರಡು ಹೆಸರು ಇರುವ ತಾಪತ್ರಯ ದೊಡ್ಡದು. (ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರು, ಪಿಸ್ತೂಲುಗಳ ಮೇಲಿನ ಜಿ.ಎಸ್.ಟಿ. ಶೇ. 40 ಆಗಿದೆ.)

ಬಾಡಿಗೆಯ ಗನ್‌ಮ್ಯಾನ್

ಸ್ವಂತ ಆಯುಧದ ಬದಲು ಬಂದೂಕುಧಾರಿ ಕಾವಲುಗಾರನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ವ್ಯಾಪಾರಿಗಳಿದ್ದಾರೆ. ಕಾನೂನಿನ ಅಪಾಯ ಇಲ್ಲಿಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರವಾನಗಿಯನ್ನು ಮಾಲೀಕ ನೋಡಿರುವುದೇ ಇಲ್ಲ. ದೂರದ ಉತ್ತರ ರಾಜ್ಯದಿಂದ ಬಂದ ಕಾವಲುಗಾರನ ಬಂದೂಕಿಗೆ ಅವನ ಊರಿನ ಜಿಲ್ಲಾಧಿಕಾರಿ ಪರವಾನಗಿ ಕೊಟ್ಟಿರುತ್ತಾರೆ. ಅದು ಆ ಜಿಲ್ಲೆಗೋ ಆ ರಾಜ್ಯಕ್ಕೋ ಸೀಮಿತವಾಗಿರಬಹುದು. ಅದೂ ಅವನ ಸ್ವಂತ ರಕ್ಷಣೆಗೋ ಹೊಲದ ಪೈರಿನ ರಕ್ಷಣೆಗೋ ಕೊಟ್ಟದ್ದು, ನಮ್ಮ ಸರಕು ಕಾಯಲು ಕೊಟ್ಟದ್ದಲ್ಲ. ಅಂಥವನನ್ನು ನೇಮಿಸಿಕೊಂಡ ಸಂಸ್ಥೆಯ ಹೊಣೆ ಹೊತ್ತವರನ್ನೂ ಪ್ರಶ್ನಿಸಲು 33ನೆಯ ಕಲಂ ದಾರಿ ಮಾಡಿಕೊಡುತ್ತದೆ.

ಏಜೆನ್ಸಿಯ ಮೂಲಕ ಪಡೆದರೆ ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಅಧಿನಿಯಮ, 2005ರ ಪರವಾನಗಿಯನ್ನು ಕೇಳಿ ನೋಡಬೇಕು. ಅದನ್ನು ಕೊಡುವುದೂ ರಾಜ್ಯವಾರು ಪ್ರಾಧಿಕಾರ. ಕರ್ನಾಟಕದಲ್ಲಿ ಅನುಮತಿ ಪಡೆದ ಏಜೆನ್ಸಿಗೆ ಗೋವೆಯಲ್ಲೂ ಕೆಲಸ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. ದೊಡ್ಡ ಮೊತ್ತದ ನಗದು ಸಾಗಣೆಗೆ ಕೇಂದ್ರ ಗೃಹ ಸಚಿವಾಲಯ 2018ರ ಆಗಸ್ಟಿನಲ್ಲಿ ಮಾದರಿ ನಿಯಮಗಳನ್ನು ಹೊರಡಿಸಿದೆ. ವ್ಯಾನಿಗೆ ಒಬ್ಬ ಚಾಲಕ, ಇಬ್ಬರು ಶಸ್ತ್ರಧಾರಿ ಕಾವಲುಗಾರರು, ನಗದಿನ ಹೊಣೆ ಹೊತ್ತ ಇಬ್ಬರು. ಒಂದು ಸಲಕ್ಕೆ 5 ಕೋಟಿ ರೂಪಾಯಿಗಿಂತ ಹೆಚ್ಚು ಒಯ್ಯಬಾರದು. ನಗರಗಳಲ್ಲಿ ರಾತ್ರಿ 9ರ ಬಳಿಕ, ಗ್ರಾಮಾಂತರದಲ್ಲಿ ಸಂಜೆ 6ರ ಬಳಿಕ ನಗದು ತುಂಬುವಂತಿಲ್ಲ. ನಮ್ಮ ಸಣ್ಣ ವರ್ತಕರಿಗೆ ಈ ಪ್ರಮಾಣ ಹೊಂದದಿದ್ದರೂ, ಸಂಜೆ ಮೇಲೆ ಗ್ರಾಮಾಂತರ ರಸ್ತೆಯಲ್ಲಿ ಹಣ ಒಯ್ಯುವುದು ಬೇಡವೆಂಬ ವಿವೇಕ ಎಲ್ಲರಿಗೂ ಹೊಂದುತ್ತದೆ.

ತಡೆದು ನಿಲ್ಲಿಸಿದಾಗ

ಯಾವುದೇ ಪೊಲೀಸ್ ಅಧಿಕಾರಿ ಆಯುಧ ಒಯ್ಯುವವನಿಂದ ಪರವಾನಗಿಯನ್ನು ಕೇಳಬಹುದು. ತೋರಿಸದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು (19ನೆಯ ಕಲಂ). ವಾಹನವನ್ನು ನಿಲ್ಲಿಸಿ ಶೋಧಿಸಲು 23ನೆಯ ಕಲಂ ಅಧಿಕಾರ ಕೊಡುತ್ತದೆ. ಪರವಾನಗಿ ಇದ್ದರೂ, ಕಾನೂನುಬಾಹಿರ ಉದ್ದೇಶಕ್ಕೆ ಒಯ್ಯುತ್ತಿದ್ದಾನೆಂದು ನ್ಯಾಯವಾಗಿ ಅನುಮಾನಿಸುವಂಥ ಸಂದರ್ಭವಿದ್ದರೆ ವಾರಂಟಿಲ್ಲದೆ ಬಂಧಿಸಲು 20ನೆಯ ಕಲಮಿನಲ್ಲಿ ಅವಕಾಶವಿದೆ. ಆದ್ದರಿಂದ ಮೂಲ ಪರವಾನಗಿಯೇ ಕೈಯಲ್ಲಿರಬೇಕು. ಜೆರಾಕ್ಸು ಅಥವಾ ಮೊಬೈಲಿನ ಚಿತ್ರವನ್ನು ನಂಬಿ ಹೊರಡಬಾರದು. ಅದರಲ್ಲಿ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತು ಸಂಖ್ಯೆ ನಮೂದಾಗಿರಬೇಕು, ಅವಧಿ ಮುಗಿದಿರಬಾರದು. 2019ರ ತಿದ್ದುಪಡಿ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಇದು ಅನುಕೂಲವೂ ಹೌದು, ಮರೆವಿಗೆ ದಾರಿಯೂ ಹೌದು. ಅದೇ ತಿದ್ದುಪಡಿ ಒಬ್ಬನು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಪಿತ್ರಾರ್ಜಿತವಾಗಿ ಬಂದದ್ದೂ ಈ ಎಣಿಕೆಯೊಳಗೇ.

ಶಿಕ್ಷೆಯ ವಿಷಯ. ಪರವಾನಗಿಯ ಷರತ್ತನ್ನು ಮುರಿದರೆ 30ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಪರವಾನಗಿಯೇ ಇಲ್ಲದೆ ಬಂದೂಕು ಹೊಂದಿದ್ದರೆ 25ನೆಯ ಕಲಮಿನಂತೆ 2019ರ ಬಳಿಕ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆ ಮತ್ತು ದಂಡ. ಮೊದಲು ಇದು 1ರಿಂದ 3 ವರ್ಷ ಇತ್ತು. ಗಡಿ ದಾಟಿದ ಪರವಾನಗಿದಾರ ಯಾವ ಕಲಮಿಗೆ ಬರುತ್ತಾನೆ? ಷರತ್ತಿನ ಉಲ್ಲಂಘನೆ ಮಾತ್ರ ಎಂದು ಅವನ ವಕೀಲರು ವಾದಿಸುತ್ತಾರೆ. ಈ ನೆಲದ ಮಟ್ಟಿಗೆ ಪರವಾನಗಿಯೇ ಇಲ್ಲ ಎಂದು ತನಿಖಾಧಿಕಾರಿ ಬರೆಯಬಹುದು. ಎರಡರ ನಡುವಿನ ಅಂತರ 2,000 ರೂಪಾಯಿಗೂ ಎರಡು ವರ್ಷದ ಸೆರೆಗೂ ಇರುವ ಅಂತರ. ಅದು ನ್ಯಾಯಾಲಯದಲ್ಲಿ ತೀರ್ಮಾನವಾಗುವವರೆಗೆ, ಈ ಅಧಿನಿಯಮದ ಎಲ್ಲ ಅಪರಾಧಗಳೂ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದವು ಎಂಬುದನ್ನು ನೆನಪಿಡಬೇಕು. 3ನೆಯ ಕಲಮಿಗೆ ಸಂಬಂಧಿಸಿದ ಮೊಕದ್ದಮೆಗೆ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕೆಂಬ 39ನೆಯ ಕಲಂ ಒಂದು ಸಮಾಧಾನ.

ಚುನಾವಣೆಯ ಕಾಲ

ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ನೆರೆ ರಾಜ್ಯದ ಚುನಾವಣೆಯೂ ನಮ್ಮನ್ನು ತಟ್ಟುತ್ತದೆ ಎಂಬುದು. 2024ರ ನವೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಸಭೆಗೆ ಮತದಾನವಿದ್ದಾಗ ಬೆಳಗಾವಿ ಜಿಲ್ಲೆಯಲ್ಲಿ ವಿಧಾನಸಭೆ ಚುನಾವಣೆ ಇರಲಿಲ್ಲ. ಆದರೆ ಗಡಿಯಾಚೆ ನೀತಿ ಸಂಹಿತೆ ಜಾರಿಯಲ್ಲಿತ್ತು. ಇಂಥ ಸಮಯದಲ್ಲಿ ಅಲ್ಲಿಯ ಜಿಲ್ಲಾಡಳಿತ ಆಯುಧ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸಿದ್ದರೆ ನಮ್ಮ ವಿಸ್ತೃತ ಪರವಾನಗಿಯೂ ಆ ಆದೇಶಕ್ಕೆ ಒಳಪಟ್ಟದ್ದೇ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ನಿಷೇಧಾಜ್ಞೆಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಡಿ ಬರುತ್ತವೆ. ಗಲಭೆ, ಹಬ್ಬ, ಬಂದ್‌ಗಳ ಸಮಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಚುನಾವಣಾ ಆಯೋಗದ ಕಾರ್ಯವಿಧಾನದಲ್ಲಿ ವರ್ತಕರು ಗಮನಿಸಬೇಕಾದ ಸಾಲೊಂದಿದೆ. ಅಭ್ಯರ್ಥಿ, ಅವನ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ವಾಹನದಲ್ಲಿ 50,000 ರೂಪಾಯಿ ಮೀರಿದ ನಗದು, ಅಥವಾ ಮತದಾರರಿಗೆ ಆಮಿಷವಾಗಬಹುದಾದ ಮದ್ಯ, ಮಾದಕ ವಸ್ತು, ಆಯುಧ, 10,000 ರೂಪಾಯಿ ಮೀರಿದ ಉಡುಗೊರೆ ಸಿಕ್ಕರೆ ಜಪ್ತಿ ಮಾಡಬಹುದು. 10 ಲಕ್ಷ ಮೀರಿದ ನಗದು ಸಿಕ್ಕಿ, ಅಪರಾಧದ ಅಥವಾ ಪಕ್ಷದ ನಂಟು ಕಾಣದಿದ್ದರೆ ಜಪ್ತಿಯಿಲ್ಲ, ಆದಾಯ ತೆರಿಗೆ ಇಲಾಖೆಗೆ ಸುದ್ದಿ ಹೋಗುತ್ತದೆ. ಪರಿಚಯದ ಕಾರ್ಯಕರ್ತನೊಬ್ಬ "ಕೊಲ್ಹಾಪುರದವರೆಗೆ ಬರುತ್ತೇನೆ" ಎಂದು ಕಾರು ಹತ್ತಿದರೆ ನಮ್ಮ ವ್ಯಾಪಾರದ ಹಣವೂ, ಸೊಂಟದ ರಿವಾಲ್ವರೂ ಬೇರೆಯೇ ಬಣ್ಣ ಪಡೆಯುತ್ತವೆ. ಆ ತಿಂಗಳು ದಾಕ್ಷಿಣ್ಯ ಬಿಡಬೇಕು.

ಸರಕಿನ ಕಾಗದಗಳು

ಆಯುಧ ಕಂಡೊಡನೆ ಅಧಿಕಾರಿಯ ಎರಡನೆಯ ಪ್ರಶ್ನೆ, "ಏನನ್ನು ಕಾಯಲು ಇದು?" ಎಂಬುದು. ಆಗ ಸರಕಿನ ಕಾಗದ ಸರಿಯಿದ್ದರೆ ಪರವಾನಗಿಯ ಮಾತೂ ನಂಬಿಕೆಗೆ ಅರ್ಹವಾಗುತ್ತದೆ. ಮಾರಾಟವಾದರೆ ತೆರಿಗೆ ಬಿಲ್ಲು. ಜಾಬ್ ವರ್ಕಿಗೋ ಒಪ್ಪಿಗೆಯ ಮೇರೆಗೆ ತೋರಿಸಲೋ ಒಯ್ಯುವುದಾದರೆ ಕ್ರಮಸಂಖ್ಯೆಯುಳ್ಳ ಡೆಲಿವರಿ ಚಲನ್, ಅದರಲ್ಲಿ ತೂಕ, ಮೌಲ್ಯ. ಆಭರಣಗಳಿಗೆ ಕೇಂದ್ರ ನಿಯಮದಲ್ಲಿ ಇ-ವೇ ಬಿಲ್ಲಿನ ವಿನಾಯಿತಿ ಇದೆ ಎಂದು ಚಲನ್ನೂ ಬೇಡವೆಂದು ತಿಳಿಯಬಾರದು. ಕಾಗದವಿಲ್ಲದ ಸರಕನ್ನು ತಡೆಹಿಡಿದರೆ ಮಾಲೀಕನೇ ಮುಂದೆ ಬಂದಾಗಲೂ ತೆರಿಗೆಯ ಶೇ. 200ರಷ್ಟು ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ. ನಗದಿದ್ದರೆ ಬ್ಯಾಂಕಿನಿಂದ ತೆಗೆದ ದಾಖಲೆ, ಕ್ಯಾಷ್ ಪುಸ್ತಕದ ಅಂದಿನ ಶಿಲ್ಕಿನ ಪ್ರತಿ ಜೊತೆಗಿರಲಿ. ಒಬ್ಬನಿಂದ ಒಂದು ದಿನದಲ್ಲಿ ಅಥವಾ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಸ್ವೀಕರಿಸುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಅಷ್ಟು ನಗದನ್ನು ಕಾರಿನಲ್ಲಿ ಹಾಕಿಕೊಂಡು, ಅದನ್ನು ಕಾಯಲು ಬಂದೂಕನ್ನೂ ಹಾಕಿಕೊಂಡು ಹೊರಡುವ ಬದಲು ಆರ್.ಟಿ.ಜಿ.ಎಸ್. ಮಾಡಿಸಿದರೆ ಎರಡೂ ಹೊರೆ ಇಳಿಯುತ್ತವೆ.

ವಿಮಾ ಪಾಲಿಸಿಯನ್ನೂ ಓದಬೇಕು. ಆಭರಣ ವ್ಯಾಪಾರಿಗಳ ಪಾಲಿಸಿಗಳಲ್ಲಿ ಯಾರ ವಶದಲ್ಲಿದ್ದಾಗ ರಕ್ಷಣೆ, ಜನರಿಲ್ಲದ ವಾಹನದಲ್ಲಿ ಬಿಟ್ಟರೆ ಏನು ಎಂಬ ಷರತ್ತುಗಳಿರುತ್ತವೆ. ಶಸ್ತ್ರಧಾರಿ ಕಾವಲಿದೆ ಎಂದು ಪ್ರಸ್ತಾವದಲ್ಲಿ ಬರೆದು, ಆ ಕಾವಲುಗಾರನ ಪರವಾನಗಿ ಆ ರಾಜ್ಯದಲ್ಲಿ ಸಲ್ಲದು ಎಂದು ನಷ್ಟದ ಬಳಿಕ ತಿಳಿದರೆ ಪರಿಹಾರದ ಅರ್ಜಿಗೆ ತಕರಾರು ಬರಲು ಅಷ್ಟು ಸಾಕು.

ಕೊಡಗಿನ ಸದಸ್ಯರಿಗೆ

ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ 2029ರವರೆಗೆ ಮುಂದುವರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪಿಸ್ತೂಲು, ರಿವಾಲ್ವರುಗಳಿಗೆ ಈ ವಿನಾಯಿತಿ ಇಲ್ಲ. ಅವಕ್ಕೆ ಎಲ್ಲರಂತೆ ಪರವಾನಗಿ ಬೇಕು. ವಿನಾಯಿತಿಯ ಕೋವಿಯನ್ನು ಜಿಲ್ಲೆಯ ಹೊರಗೆ ಒಯ್ಯುವಾಗ ಅಧಿಸೂಚನೆಯ ಷರತ್ತುಗಳು ಬಿಗಿಯಾಗುತ್ತವೆ. ಕಾಫಿ, ಮೆಣಸಿನ ವ್ಯಾಪಾರಕ್ಕೆ ಮಾಕುಟ್ಟದ ಮೇಲೆ ಕಣ್ಣೂರಿಗೋ, ಕುಟ್ಟದ ಮೇಲೆ ವಯನಾಡಿಗೋ ಜೀಪಿನಲ್ಲಿ ಹೋಗುವವರು ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರದ ಮೂಲ ಪ್ರತಿಯನ್ನು ಜೊತೆಗಿಟ್ಟುಕೊಳ್ಳಬೇಕು. ಹೊರಡುವ ಮೊದಲು ಅದೇ ಕಚೇರಿಯಲ್ಲಿ ಕೇರಳದೊಳಗೆ ಒಯ್ಯುವ ವಿಷಯವನ್ನು ಲಿಖಿತವಾಗಿ ಕೇಳಿ ಉತ್ತರ ಪಡೆದಿರಬೇಕು. ಗಡಿಯಾಚೆಯ ಠಾಣೆಯವರಿಗೆ ಜಮ್ಮಾ ಕೋವಿಯ ಇತಿಹಾಸ ತಿಳಿದಿರುತ್ತದೆ ಎಂದು ಭಾವಿಸುವಂತಿಲ್ಲ.